ತುತ್ತು ಕಸಿಯುವ ಮುನ್ನ

ನಡುರಾತ್ರಿ ಎದ್ದು ಕುಳಿತು, ಮಗು ಮೈ ಕೆರೆದುಕೊಳ್ಳದಿರಲೆಂದು ಅದರ ಎರಡೂ ಕೈಗಳನ್ನು ಹಿಡಿದುಕೊಂಡು ಬೆಳಗು ಮಾಡಿದ್ದೀರಾ? ಬೆಳಿಗ್ಗೆ ದಿಂಬಿನ ಬಟ್ಟೆಯ ಮೇಲೆ ರಕ್ತದ ಸಣ್ಣ ಕಲೆಗಳನ್ನು ಕಂಡು, ಯಾರಿಗೂ ಹೇಳದೆ ಅದನ್ನು ಒಗೆದು ಹಾಕಿದ್ದೀರಾ? ಹಾಗಿದ್ದರೆ ಈ ಬರಹ ನಿಮಗಾಗಿ. ನಿಮ್ಮ ಮನೆಯಲ್ಲಿ ಇಂಥ ಮಗು ಇಲ್ಲದಿದ್ದರೂ ಓದಿ. ನಿಮ್ಮ ತಂಗಿಯ ಮನೆಯಲ್ಲೋ ನೆರೆಮನೆಯಲ್ಲೋ ಇರಬಹುದು.

ನನ್ನ ಕಿರಿಯ ಮಗ ಹುಟ್ಟಿದ್ದು 2015ರ ಆಗಸ್ಟ್‌ನಲ್ಲಿ. ನಾಲ್ಕು ತಿಂಗಳಾಗುವಷ್ಟರಲ್ಲಿ ಚಳಿಗಾಲ ಬಂತು. ನರಗುಂದದ ಚಳಿಗಾಲ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಇಲ್ಲಿ ಸುತ್ತಲೂ ಎರೆ ಹೊಲ. ಮಳೆ ನಿಂತು ಒಣ ಗಾಳಿ ಬೀಸತೊಡಗಿದರೆ ನೆಲ ಬಿರುಕು ಬಿಡುತ್ತದೆ, ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ. ಆ ಡಿಸೆಂಬರ್‌ನಲ್ಲಿ ನನ್ನ ಮಗನ ಎರಡೂ ಕೆನ್ನೆ ಕೆಂಪಗಾದವು. ಆಮೇಲೆ ಮೊಣಕೈ, ಮೊಣಕಾಲು, ಕುತ್ತಿಗೆಯ ಮಡಿಕೆ. ಚರ್ಮ ಒರಟಾಗಿ, ಒಡೆದು, ನೀರು ಸೋರತೊಡಗಿತು. ನಮ್ಮ ಮನೆಯಲ್ಲಿ ಖುಜಲಿ ಎಂದರು. ನೆರೆಯವರು ಇಸಬು ಎಂದರು. ಡಾಕ್ಟರು ಎಕ್ಸಿಮಾ ಎಂದರು. ಮಗುವಿಗೆ ಮಾತ್ರ ಯಾವ ಹೆಸರೂ ಬೇಕಿರಲಿಲ್ಲ, ಅದಕ್ಕೆ ನಿದ್ದೆ ಬೇಕಿತ್ತು.

ನಾನು ಮದ್ರಸಾದಲ್ಲಿ ಓದಿದವಳು. ಆಮೇಲೆ ಮನೆಯಲ್ಲೇ ಕುಳಿತು ಓದಿ ಬಿ.ಎ. ಮುಗಿಸಿದೆ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಊರಿನ ಹೆಣ್ಣುಮಕ್ಕಳು ಏನಾದರೂ ಸಂಶಯ ಬಂದರೆ 'ಟೀಚರ್ ಆಪಾನ ಕೇಳೋಣ' ಎಂದು ಬರುತ್ತಾರೆ. ಅಂಥ ನನಗೇ ನನ್ನ ಮಗುವಿನ ವಿಷಯದಲ್ಲಿ ಹತ್ತು ಜನರ ಮಾತಿಗೆ ಎದುರು ನಿಂತು ಒಂದು ಪ್ರಶ್ನೆ ಕೇಳಲು ಆಗಲಿಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ.

ಹತ್ತು ಜನರ ಮಾತು ಎಂದೆನಲ್ಲ, ಅವು ಹೀಗಿದ್ದವು. ಅತ್ತೆಯವರು, "ನಜರ್ ಆಗಿದೆ ಬೇಟಿ, ಜೊತೆಗೆ ನೀನು ತಿಂದದ್ದೇ ಹಾಲಿನಲ್ಲಿ ಇಳಿಯುತ್ತಿದೆ. ಮೊಟ್ಟೆ, ಗೋಷ್ತ್ ಬಿಡು" ಎಂದರು. ಎದುರುಮನೆಯ ಅವ್ವ, "ಟೀಚರ್, ಇದು ನಂಜ ಐತ್ರಿ. ಬದನಿಕಾಯಿ, ಶೇಂಗಾ ಮುಟ್ಟಬ್ಯಾಡ್ರಿ" ಎಂದರು. ನನ್ನ ದೊಡ್ಡ ನಾದಿನಿ ಹಾಲು-ಮೊಸರು ಬಿಡು ಎಂದರು. ಇನ್ನೊಬ್ಬರು ಗೋಧಿ ಎಂದರು. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಒಬ್ಬರ ಮಾತು ಮೀರಿದರೆ, ನಾಳೆ ಮಗುವಿಗೆ ಹೆಚ್ಚಾದಾಗ, 'ಹೇಳಿದರೆ ಕೇಳಲಿಲ್ಲ' ಎಂಬ ಮಾತು ಬರುತ್ತದಲ್ಲ! ಹಾಗಾಗಿ ಎಲ್ಲವನ್ನೂ ಬಿಟ್ಟೆ. ಅನ್ನ, ತೆಳ್ಳನೆಯ ಹೆಸರುಬೇಳೆ ಸಾರು, ಜೋಳದ ರೊಟ್ಟಿ, ಉಪ್ಪು. ಮಗುವಿಗೆ ಹಾಲೂಡಿಸುವ ತಾಯಿಯ ಊಟ ಇದು. ಎರಡು ತಿಂಗಳಲ್ಲಿ ನನ್ನ ಬಳೆಗಳು ಸಡಿಲವಾದವು. ಮಗುವಿನ ಕೆನ್ನೆ ಮಾತ್ರ ಹಾಗೆಯೇ ಇತ್ತು.

ಎಂಟು ತಿಂಗಳಾದಾಗ ಯಾರೋ ಹೇಳಿದರೆಂದು ರಕ್ತ ಪರೀಕ್ಷೆ ಮಾಡಿಸಿದೆವು. ಯಾವ ಆಹಾರ ಆಗುವುದಿಲ್ಲ ಎಂದು ಒಂದೇ ಸಲಕ್ಕೆ ತಿಳಿಯುತ್ತದೆ ಎಂದಿದ್ದರು. ನನ್ನ ಒಂದು ತಿಂಗಳ ಸಂಬಳದ ದೊಡ್ಡ ಪಾಲು ಅದಕ್ಕೆ ಹೋಯಿತು. ವರದಿಯಲ್ಲಿ ಹಾಲು, ಮೊಟ್ಟೆ, ಗೋಧಿ, ಶೇಂಗಾ, ಕಡಲೆ, ಮೀನು ಹೀಗೆ ಹನ್ನೊಂದು ಹೆಸರುಗಳ ಮುಂದೆ ಗುರುತು ಇತ್ತು. ಆ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಕಡಲೆ, ಶೇಂಗಾ ಬೆಳೆಯುವ ಸೀಮೆಯಲ್ಲಿ, ಎಮ್ಮೆ ಹಾಲು ಬಾಗಿಲಿಗೆ ಬರುವ ಊರಿನಲ್ಲಿ, ನನ್ನ ಮಗ ಅನ್ನದ ಗಂಜಿ ಮತ್ತು ಬಾಳೆಹಣ್ಣಿನಲ್ಲಿ ಬೆಳೆಯತೊಡಗಿದ. ಬೆಳೆಯತೊಡಗಿದ ಎನ್ನುವುದು ತಪ್ಪು. ಅವನು ಬೆಳೆಯಲಿಲ್ಲ.

ಅದನ್ನು ಮೊದಲು ಗುರುತಿಸಿದ್ದು ನಾನಲ್ಲ. ಹದಿನಾಲ್ಕನೆಯ ತಿಂಗಳಲ್ಲಿ ಅಂಗನವಾಡಿ ಕಾರ್ಯಕರ್ತೆ ಮಗುವನ್ನು ತಕ್ಕಡಿಗೆ ಹಾಕಿ, ತೂಕ ಬರೆದು, ಕಾರ್ಡನ್ನು ನನ್ನ ಮುಂದೆ ಹಿಡಿದರು. "ಟೀಚರ್, ಇಲ್ನೋಡ್ರಿ, ಗೆರಿ ಹಸಿರು ಪಟ್ಟಿ ಬಿಟ್ಟು ಹಳದೀಗೆ ಇಳದೈತಿ. ಮನ್ಯಾಗ ಏನ್ ಉಣ್ಣಿಸಾಕತ್ತೀರಿ?" ನಾನು ತರಗತಿಯಲ್ಲಿ ಮಕ್ಕಳಿಗೆ ಕೇಳುವ ಪ್ರಶ್ನೆಗಳಿಗೆ ಅವರು ತಲೆ ತಗ್ಗಿಸುತ್ತಾರಲ್ಲ, ಹಾಗೆ ನಿಂತಿದ್ದೆ.

ಮರುವಾರ ನವಲಗುಂದ ದಾಟಿ ಹುಬ್ಬಳ್ಳಿಗೆ ಹೋಗಿ ಒಬ್ಬ ಮಕ್ಕಳ ತಜ್ಞರಿಗೆ ತೋರಿಸಿದೆವು. ವಯಸ್ಸಾದವರು. ವರದಿಯ ಹಾಳೆಯನ್ನು ನೋಡಿ ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ ಕೇಳಿದರು: "ನೋಡ್ರಿ ಅಮ್ಮಾ, ಮಗು ಇವನ್ನೆಲ್ಲ ತಿಂದಾಗ ಏನಾಯ್ತು ಅಂತ ನೋಡಿ ಬಿಡಿಸಿದ್ರೋ, ಈ ಹಾಳಿ ನೋಡಿ ಬಿಡಿಸಿದ್ರೋ?"

ನನ್ನಲ್ಲಿ ಉತ್ತರವಿರಲಿಲ್ಲ. ಸಹೋದರಿ, ಮಗು ಆ ಹನ್ನೊಂದರಲ್ಲಿ ಒಂಬತ್ತನ್ನು ಒಮ್ಮೆಯೂ ತಿಂದೇ ಇರಲಿಲ್ಲ.

ಅವರು ಅಂದು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ಸೇರಿಸಿ ಹೇಳುತ್ತೇನೆ. ಎಕ್ಸಿಮಾ ಮೂಲತಃ ಹೊಟ್ಟೆಯ ಕಾಯಿಲೆಯಲ್ಲ, ಚರ್ಮದ ಕಾಯಿಲೆ. ನಮ್ಮ ಚರ್ಮ ಒಂದು ಗೋಡೆ ಇದ್ದಂತೆ. ಒಳಗಿನ ತೇವ ಹೊರಗೆ ಹೋಗದಂತೆ, ಹೊರಗಿನ ಕೊಳೆ ಒಳಗೆ ಬಾರದಂತೆ ಅದು ತಡೆಯುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಈ ಗೋಡೆಯ ಗಾರೆ ಸ್ವಲ್ಪ ದುರ್ಬಲ. 2006ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಸಂಗಡಿಗರೊಂದಿಗೆ, ಫಿಲಾಗ್ರಿನ್ ಎಂಬ ಪ್ರೋಟೀನಿನ ಕೊರತೆಗೂ ಎಕ್ಸಿಮಾಕ್ಕೂ ಸಂಬಂಧವಿದೆ ಎಂದು ತೋರಿಸಿದರು. ಈ ಪ್ರೋಟೀನು ಚರ್ಮವನ್ನು ಬಿಗಿಯಾಗಿ, ತೇವವಾಗಿ ಇಡುವಂಥದ್ದು. ಮನೆತನದಲ್ಲಿ ಉಬ್ಬಸ, ಪದೇ ಪದೇ ಸೀನು, ಇಸಬು ಇದ್ದರೆ ಮಗುವಿಗೂ ಬರುವ ಸಂಭವ ಹೆಚ್ಚು. ನಮ್ಮ ಮಾವನವರಿಗೆ ಉಬ್ಬಸವಿತ್ತು. ಅದನ್ನು ಆ ದಿನದವರೆಗೆ ಯಾರೂ ನೆನಪಿಸಿಕೊಂಡಿರಲಿಲ್ಲ. ನಾನು ತಿಂದ ಮೊಟ್ಟೆಯನ್ನು ಮಾತ್ರ ಎಲ್ಲರೂ ನೆನಪಿಟ್ಟಿದ್ದರು.

ಹಾಗಾದರೆ ಆಹಾರದ ಅಲರ್ಜಿ ಸುಳ್ಳೇ? ಸುಳ್ಳಲ್ಲ. ಎಳವೆಯಲ್ಲೇ ತೀವ್ರವಾದ ಎಕ್ಸಿಮಾ ಬಂದ ಮಕ್ಕಳಲ್ಲಿ ಆಹಾರದ ಅಲರ್ಜಿಯೂ ಇತರರಿಗಿಂತ ಹೆಚ್ಚು. ಆದರೆ ನಾವು ತಿಳಿದಿರುವ ಕ್ರಮ ಅನೇಕ ಸಲ ತಿರುವುಮುರುವಾಗಿರುತ್ತದೆ. ಆಹಾರದಿಂದ ಚರ್ಮ ಒಡೆಯಿತು ಎನ್ನುತ್ತೇವೆ. ಒಡೆದ ಚರ್ಮದ ಮೂಲಕ ಆಹಾರದ ಕಣಗಳು ಒಳಹೊಕ್ಕು ಅಲರ್ಜಿ ಹುಟ್ಟಬಹುದು ಎನ್ನುತ್ತಾರೆ ವೈದ್ಯರು. ಮನೆಯ ಗಾಳಿಯಲ್ಲಿ, ನಮ್ಮ ಕೈಯಲ್ಲಿ, ಹಾಸಿಗೆಯಲ್ಲಿ ಶೇಂಗಾ ಪುಡಿ, ಹಿಟ್ಟು ಇದ್ದೇ ಇರುತ್ತವೆ. ಬಾಯಿಯ ಮೂಲಕ ಹೋದ ಆಹಾರವನ್ನು ದೇಹ ಸ್ನೇಹಿತನೆಂದು ಕಲಿಯುತ್ತದೆ. ಗೋಡೆ ಒಡೆದು ಬಂದದ್ದನ್ನು ಕಳ್ಳನೆಂದು ತಿಳಿಯುತ್ತದೆ.

ಶೇಂಗಾ, ಅಂದರೆ ನೆಲಗಡಲೆಯ ವಿಷಯದಲ್ಲಿ ಇದು ಚೆನ್ನಾಗಿ ತಿಳಿದುಬಂದಿದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಇಸ್ರೇಲಿನ ಯಹೂದಿ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಇಸ್ರೇಲಿನಲ್ಲಿ ಕೂಸುಗಳಿಗೆ ಮೊದಲ ವರ್ಷದಲ್ಲೇ ಶೇಂಗಾ ತಿಂಡಿ ಕೊಡುವ ರೂಢಿ, ಬ್ರಿಟನ್ನಿನಲ್ಲಿ ಹೆದರಿ ಕೊಡದಿರುವ ರೂಢಿ. ಆಮೇಲೆ ಲಂಡನ್ನಿನಲ್ಲಿ ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳನ್ನು ಎರಡು ಗುಂಪು ಮಾಡಿ ನೋಡಿದರು. 2015ರ ಫೆಬ್ರವರಿಯಲ್ಲಿ, ನನ್ನ ಮಗ ಹುಟ್ಟುವ ಆರು ತಿಂಗಳ ಮೊದಲು, ಫಲಿತಾಂಶ ಪ್ರಕಟವಾಯಿತು. ಐದು ವರ್ಷ ತುಂಬುವಾಗ, ಶೇಂಗಾ ದೂರವಿಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಅದರ ಅಲರ್ಜಿ ಬಂದಿತ್ತು. ಎಳವೆಯಿಂದ ತಿಂದವರಲ್ಲಿ ನೂರಕ್ಕೆ ಸುಮಾರು 3 ಮಕ್ಕಳಿಗೆ ಮಾತ್ರ. ಶೇಂಗಾ ಹಿಂಡಿಯಿಲ್ಲದೆ ರೊಟ್ಟಿ ಇಳಿಯದ ಊರಿನಲ್ಲಿ ಕುಳಿತು ನಾನು ಅದನ್ನೇ ಮಗುವಿನಿಂದ ದೂರವಿಟ್ಟಿದ್ದೆ.

ಇನ್ನು ಆ ರಕ್ತ ಪರೀಕ್ಷೆಯ ಮಾತು. ನಮ್ಮ ಕರ್ನಾಟಕದಲ್ಲೇ ಇದರ ಬಗ್ಗೆ ದೊಡ್ಡ ಅಧ್ಯಯನ ನಡೆದಿದೆ. ಬೆಂಗಳೂರು ಮತ್ತು ಮೈಸೂರಿನಲ್ಲಿ 11,791 ವಯಸ್ಕರನ್ನು ವಿಚಾರಿಸಿ ನಡೆಸಿದ ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರೂ ಅದರಲ್ಲಿದ್ದರು. ನೂರಕ್ಕೆ ಸುಮಾರು 26 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಗುರುತು ಸಿಕ್ಕಿತು. ಆದರೆ ಅಲರ್ಜಿ ಇರಬಹುದೆಂದು ಹೇಳಬಹುದಾದವರು ನೂರಕ್ಕೆ 1.2 ಮಾತ್ರ. ಅದೇ ಯೋಜನೆಯಲ್ಲಿ ಶಾಲಾ ಮಕ್ಕಳ ಲೆಕ್ಕ 2020ರಲ್ಲಿ ಬಂತು. ನಮ್ಮ ಮಕ್ಕಳಲ್ಲಿ ಆಹಾರದ ಅಲರ್ಜಿ ನೂರಕ್ಕೆ 0.14, ಅಂದರೆ ಸಾವಿರಕ್ಕೆ ಒಬ್ಬರೋ ಇಬ್ಬರೋ. ರಕ್ತದಲ್ಲಿ ಗುರುತು ಇರುವುದು ಬೇರೆ, ತಿಂದಾಗ ತೊಂದರೆ ಆಗುವುದು ಬೇರೆ. ಪರೀಕ್ಷೆ ವೈದ್ಯರ ಸಂಶಯವನ್ನು ಒರೆಗೆ ಹಚ್ಚಲು ಇರುವಂಥದ್ದು. ಸಂಶಯವೇ ಇಲ್ಲದೆ ಎಲ್ಲದಕ್ಕೂ ಪರೀಕ್ಷೆ ಮಾಡಿಸಿದರೆ ನನ್ನ ಗೋಡೆಯ ಮೇಲಿನ ಹಾಳೆಯಂಥ ಹಾಳೆ ಸಿಗುತ್ತದೆ. ಐಜಿಜಿ ಎಂಬ ಹೆಸರಿನ 'ಆಹಾರ ಹೊಂದಿಕೆ' ಪರೀಕ್ಷೆಗಳಿಂದಂತೂ ಅಲರ್ಜಿ ತಿಳಿಯುವುದೇ ಇಲ್ಲ. ಅದಕ್ಕೆ ದುಡ್ಡು ಸುರಿಯಬೇಡಿ.

ಹುಬ್ಬಳ್ಳಿಯ ಡಾಕ್ಟರು ಮೊದಲು ಚರ್ಮವನ್ನು ಸರಿಪಡಿಸಲು ಹೇಳಿದರು. ಅವರು ಹೇಳಿದ್ದೆಲ್ಲ ಸಾಮಾನ್ಯ ಸಂಗತಿಗಳು. ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಐದು-ಹತ್ತು ನಿಮಿಷದ ಸ್ನಾನ. ಮೈ ಉಜ್ಜುವಂತಿಲ್ಲ, ಮೆತ್ತಗೆ ಒತ್ತಿ ಒರೆಸಬೇಕು. ಮೈ ಇನ್ನೂ ಹಸಿಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿಯನ್ನೋ ಅವರು ಬರೆದುಕೊಟ್ಟ ಮುಲಾಮನ್ನೋ ಧಾರಾಳವಾಗಿ ಹಚ್ಚಬೇಕು. ದಿನಕ್ಕೆ ಎರಡು-ಮೂರು ಸಲ, ಚರ್ಮ ಚೆನ್ನಾಗಿರುವ ದಿನವೂ ಹಚ್ಚಬೇಕು. ಅಂಗಡಿಯಲ್ಲಿ ಸಿಗುವ ಸಾದಾ ಪೆಟ್ರೋಲಿಯಂ ಜೆಲ್ಲಿ ಹೆಚ್ಚು ಖರ್ಚಿನದೇನಲ್ಲ.

ನಾನು ಕಡಲೆಹಿಟ್ಟು ಹಚ್ಚಿ ಮಗುವನ್ನು ತೊಳೆಯುತ್ತಿದ್ದೆ. ಅದನ್ನು ನಿಲ್ಲಿಸಲು ಹೇಳಿದರು. ಹಿಟ್ಟು ಚರ್ಮವನ್ನು ಒಣಗಿಸುತ್ತದೆ, ಒಡೆದ ಚರ್ಮದ ಮೇಲೆ ಆಹಾರದ ವಸ್ತು ಹಚ್ಚಲೂಬಾರದು. ಝೈತೂನ್ ಎಣ್ಣೆಯನ್ನೂ ಬಿಡಲು ಹೇಳಿದಾಗ ನನಗೆ ಕಷ್ಟವಾಯಿತು. ನಮ್ಮ ಮನೆಗಳಲ್ಲಿ ಆ ಎಣ್ಣೆಗೆ ಎಂಥ ಗೌರವವಿದೆ ಎಂದು ನಿಮಗೆ ಗೊತ್ತು. ಉಮ್ರಾಕ್ಕೆ ಹೋದವರು ತಂದುಕೊಟ್ಟ ಶೀಸೆ ಅದು. ಆದರೆ 2013ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವಯಂಸೇವಕರ ಚರ್ಮಕ್ಕೆ ಹಚ್ಚಿ ನೋಡಿದಾಗ, ಆಲಿವ್ ಎಣ್ಣೆ ಚರ್ಮದ ಆ ಗೋಡೆಯನ್ನು ಇನ್ನಷ್ಟು ಸಡಿಲಗೊಳಿಸಿತ್ತು. ತಿನ್ನಲು ಅದು ಒಳ್ಳೆಯದೇ. ಇಸಬಿನ ಮೇಲೆ ಹಚ್ಚಲು ಬೇಡ. ನಾವು ಆ ಎಣ್ಣೆಯನ್ನು ಅಡುಗೆಗೆ ಬಳಸಿ ಮುಗಿಸಿದೆವು. ಅತ್ತರು, ಲೋಬಾನದ ಹೊಗೆ, ಉಣ್ಣೆಯ ಸ್ವೆಟರ್, ಈದ್‌ಗೆ ಹೊಲಿಸಿದ ಜರಿಯ ಅಂಗಿ, ಇವೂ ಮಗುವಿನ ಮೈಗೆ ತಾಗದಂತೆ ನೋಡಿಕೊಂಡೆವು. ಉಗುರು ಕತ್ತರಿಸಿ, ಒಳಗೆ ಹತ್ತಿಬಟ್ಟೆ ಹಾಕಿದೆವು.

ಸ್ಟೀರಾಯ್ಡ್ ಮುಲಾಮಿನ ವಿಷಯ. ಅದಕ್ಕೂ ಮುಂಚೆ ನಾವು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ಒಂದು ಟ್ಯೂಬ್ ತಂದಿದ್ದೆವು. ಎರಡೇ ದಿನದಲ್ಲಿ ಕೆಂಪು ಮಾಯ. ಬಿಟ್ಟ ವಾರಕ್ಕೆ ದುಪ್ಪಟ್ಟಾಗಿ ಬಂತು. ಅದರಲ್ಲಿ ಬಲವಾದ ಸ್ಟೀರಾಯ್ಡ್ ಜೊತೆ ಹುಳುಕಡ್ಡಿಯ ಔಷಧಿ, ಮತ್ತೊಂದು ಔಷಧಿ ಬೆರೆತಿತ್ತು ಎಂದು ಆಮೇಲೆ ತಿಳಿಯಿತು. ಇಂಥ ದುರುಪಯೋಗ ತಡೆಯಲೆಂದೇ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯ ಮೇಲೆಯೇ ಮಾರಬೇಕಾದ ಪಟ್ಟಿಗೆ ಸೇರಿಸಿತು. ಹಾಗೆಂದು ಸ್ಟೀರಾಯ್ಡ್ ಎಂದ ಕೂಡಲೇ ಹೆದರಿ ಓಡುವುದೂ ತಪ್ಪು. ಡಾಕ್ಟರು ವಯಸ್ಸು ನೋಡಿ ಸೌಮ್ಯವಾದದ್ದನ್ನು ಬರೆದುಕೊಟ್ಟು, ಅಳತೆ ತೋರಿಸಿದರು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದಷ್ಟು ಮುಲಾಮು, ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಹೇಳಿದಷ್ಟು ದಿನ ಹಚ್ಚಿ ನಿಲ್ಲಿಸಬೇಕು. ಮೂರೇ ವಾರದಲ್ಲಿ ಮಗ ರಾತ್ರಿಯಿಡೀ ಮಲಗಿದ. ನಾನು ಮಾತ್ರ ಅಭ್ಯಾಸಬಲದಿಂದ ಎರಡು ಗಂಟೆಗೆ ಎದ್ದು ಕುಳಿತಿದ್ದೆ.

ಆಮೇಲೆ ಬಿಡಿಸಿದ ತುತ್ತುಗಳನ್ನು ಒಂದೊಂದಾಗಿ ಮರಳಿಸಿದೆವು. ಇಲ್ಲೊಂದು ಎಚ್ಚರಿಕೆ. ಬಹಳ ದಿನ ಬಿಡಿಸಿದ ಆಹಾರವನ್ನು ಮತ್ತೆ ಕೊಡುವಾಗ ಕೆಲವು ಮಕ್ಕಳಿಗೆ ಮೊದಲಿಲ್ಲದ ಅಲರ್ಜಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಮನೆಯಲ್ಲೇ ಪ್ರಯೋಗ ಬೇಡ. ನನ್ನ ಮಗನ ಮೊದಲ ಮೊಟ್ಟೆಯ ಚೂರನ್ನು ಡಾಕ್ಟರ ಕೋಣೆಯಲ್ಲೇ ತಿನ್ನಿಸಿ, ಎರಡು ಗಂಟೆ ಅಲ್ಲಿಯೇ ಕೂರಿಸಿದ್ದರು. ಉಳಿದವನ್ನು ಅವರು ಹೇಳಿದ ಕ್ರಮದಲ್ಲಿ, ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ದಿನ ಬಿಟ್ಟು ಕೊಟ್ಟೆ. ಶಾಲೆಯ ಹಳೆಯ ಹಾಜರಿ ಪುಸ್ತಕದಲ್ಲಿ ಏನು ತಿಂದ, ಏನಾಯ್ತು ಎಂದು ಬರೆದಿಟ್ಟೆ. ಹಾಲು, ಗೋಧಿ, ಕಡಲೆ, ನುಣ್ಣಗೆ ಅರೆದ ಶೇಂಗಾ, ಮೀನು. ಹನ್ನೊಂದರಲ್ಲಿ ಒಂದೂ ಅವನಿಗೆ ತೊಂದರೆ ಕೊಡಲಿಲ್ಲ. ಅಲ್‌ಹಮ್ದುಲಿಲ್ಲಾಹ್! ಪಟ್ಟಿಯಲ್ಲೇ ಇಲ್ಲದ ಟೊಮೆಟೊ ಮಾತ್ರ ಬಾಯಿಯ ಸುತ್ತ ಕೆಂಪು ಮಾಡುತ್ತಿತ್ತು. ಅದು ಅಲರ್ಜಿಯಲ್ಲ, ಹುಳಿ ತಾಗಿದ ಉರಿ ಎಂದರು. ಊಟಕ್ಕೆ ಮುಂಚೆ ಬಾಯಿಯ ಸುತ್ತ ಜೆಲ್ಲಿ ಸವರಿದರೆ ಅದೂ ಇಲ್ಲ.

ಆದರೆ ನನ್ನ ಮಗನ ಕಥೆಯೇ ಎಲ್ಲರ ಕಥೆಯಲ್ಲ. ಗಜೇಂದ್ರಗಡದಲ್ಲಿರುವ ನನ್ನ ತಂಗಿಯ ಮಗಳು ಹತ್ತು ತಿಂಗಳಿದ್ದಾಗ ಮೊಟ್ಟೆಯ ಎರಡು ಚಮಚ ತಿಂದ ಹತ್ತು ನಿಮಿಷಕ್ಕೆ ತುಟಿ ಊದಿ, ಮೈತುಂಬ ದದ್ದು ಎದ್ದು, ವಾಂತಿ ಮಾಡಿದಳು. ಅದು ನಿಜವಾದ ಅಲರ್ಜಿ. ಅವಳಿಗೆ ಮೊಟ್ಟೆ ಬಿಡಿಸಿದ್ದು ಸರಿಯೇ. ವ್ಯತ್ಯಾಸ ನೋಡಿ. ಅಲ್ಲಿ ತಿಂದದ್ದಕ್ಕೂ ಆದದ್ದಕ್ಕೂ ನಡುವೆ ನಿಮಿಷಗಳ ಅಂತರ, ಕಣ್ಣಿಗೆ ಕಾಣುವ ಸಂಬಂಧ. ಹೀಗೆ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ದದ್ದು, ಊತ, ವಾಂತಿ ಆದರೆ ಆ ಆಹಾರವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ನಾಲಗೆ ಊದಿ ಉಸಿರು ಕಟ್ಟಿದರೆ, ಮಗು ಬಿಳಿಚಿ ಜೋತುಬಿದ್ದರೆ, ಒಂದು ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಎಳೆಯ ಕೂಸಿನ ಮಲದಲ್ಲಿ ರಕ್ತ ಕಂಡರೂ ತೋರಿಸಿ, ಕೆಲವು ಕೂಸುಗಳಿಗೆ ಹಸುವಿನ ಹಾಲಿನ ಅಲರ್ಜಿ ಹಾಗೆ ಕಾಣಿಸಿಕೊಳ್ಳುತ್ತದೆ. ಅಂಥ ಮಗುವಿಗೆ ಆಡಿನ ಹಾಲು, ಎಮ್ಮೆ ಹಾಲು ಬದಲಿಯಲ್ಲ, ಅವುಗಳಿಂದಲೂ ಅದೇ ತೊಂದರೆ ಬರುವುದು ಸಾಮಾನ್ಯ. ಸಮಾಧಾನದ ಮಾತೆಂದರೆ, ಹಾಲು-ಮೊಟ್ಟೆಯ ಅಲರ್ಜಿ ಬಹಳಷ್ಟು ಮಕ್ಕಳಿಗೆ ಬೆಳೆಯುತ್ತ ಹೋಗಿ ಬಿಡುತ್ತದೆ. ತಂಗಿಯ ಮಗಳು ಈಗ ವೈದ್ಯರ ಸಲಹೆಯಂತೆ ಮೊಟ್ಟೆ ಹಾಕಿ ಬೇಯಿಸಿದ ಕೇಕ್ ತಿನ್ನುತ್ತಾಳೆ.

ಹಾಗೆಯೇ, ತೀವ್ರ ಎಕ್ಸಿಮಾ ಇರುವ ಕೂಸಿಗೆ ಶೇಂಗಾ ಮೊದಲ ಸಲ ಕೊಡುವ ಮುಂಚೆ ವೈದ್ಯರನ್ನು ಕೇಳಿ. ಯಾವ ಮಗುವಿಗೂ ಐದು ವರ್ಷದವರೆಗೆ ಇಡಿ ಶೇಂಗಾ ಕಾಳು ಬೇಡ, ಗಂಟಲಿಗೆ ಸಿಕ್ಕೀತು.

ಕೊನೆಯದಾಗಿ ಮನೆಯ ಹಿರಿಯರಲ್ಲಿ ಒಂದು ಮಾತು. ಮಗುವಿನ ಮೈ ಒಡೆದಾಗ ಮೊದಲ ಬೆರಳು ತಾಯಿಯ ತಟ್ಟೆಯತ್ತ ಹೋಗುತ್ತದೆ. ಎರಡು ವರ್ಷ ಹಾಲುಣಿಸುವ ಬಗ್ಗೆ ಹೇಳುವ ಕುರ್‌ಆನ್, ಮಗುವಿನ ಕಾರಣದಿಂದ ತಾಯಿಗೆ ಸಂಕಟವಾಗಬಾರದೆಂಬುದನ್ನೂ ಅಲ್ಲಿಯೇ ಹೇಳಿದೆ. ಅದನ್ನು ಎಷ್ಟೋ ಸಲ ಓದಿಸಿದ್ದ ನಾನು, ನನ್ನ ಬಳೆ ಸಡಿಲವಾದಾಗ ನೆನೆಯಲಿಲ್ಲ. ಹಾಲೂಡಿಸುವ ತಾಯಿ ಏನನ್ನಾದರೂ ಬಿಡಬೇಕಾದರೆ ಅದಕ್ಕೆ ವೈದ್ಯರು ಕಂಡ ಕಾರಣವಿರಬೇಕು, ಗಡುವೂ ಇರಬೇಕು. ನಮ್ಮ ಅತ್ತೆಯವರ ಬಗ್ಗೆ ತಪ್ಪು ತಿಳಿಯಬೇಡಿ. ಹುಬ್ಬಳ್ಳಿಯಿಂದ ಬಂದು ನಾನು ಎಲ್ಲವನ್ನೂ ಹೇಳಿದಾಗ ಅವರೇ ಎದ್ದು ಗೋಡೆಯ ಹಾಳೆ ಹರಿದು ಒಲೆಗೆ ಹಾಕಿದರು. ಆ ರಾತ್ರಿ ನನ್ನ ತಟ್ಟೆಗೆ ಎರಡು ಮೊಟ್ಟೆ ಬಡಿಸಿದರು.

ಮಗನಿಗೆ ಈಗ ಹತ್ತು ವರ್ಷ ದಾಟಿದೆ. ಚಳಿಗಾಲದಲ್ಲಿ ಮೊಣಕೈ ಮಡಿಕೆಯಲ್ಲಿ ಇಸಬು ಇನ್ನೂ ಇಣುಕುತ್ತದೆ. ಜೆಲ್ಲಿ ಡಬ್ಬಿಯನ್ನು ತಾನೇ ತೆಗೆದು ಹಚ್ಚಿಕೊಳ್ಳುತ್ತಾನೆ. ರೊಟ್ಟಿಗೆ ಶೇಂಗಾ ಹಿಂಡಿ ಇಲ್ಲದಿದ್ದರೆ ಮುಖ ಊದಿಸುತ್ತಾನೆ.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ದಿನ ಒಬ್ಬ ಪುಟ್ಟ ಹುಡುಗಿ ಕೈ ಹಿಂದೆ ಕಟ್ಟಿ ಕುಳಿತಿರುತ್ತಿದ್ದಳು. ಮೊಣಕೈಯಲ್ಲಿ ಅದೇ ಒರಟು ಚರ್ಮ. "ಯಾಕ ತಿನ್ನೂದಿಲ್ಲ?" ಎಂದೆ. "ನಮ್ಮ ಅಮ್ಮಿ ನಂಜ ಅಂತಾಳ್ರಿ ಟೀಚರ್" ಎಂದಳು. ಮರುದಿನ ಅವಳ ತಾಯಿಯನ್ನು ಕರೆಸಿ, ನನಗೆ ಹುಬ್ಬಳ್ಳಿಯಲ್ಲಿ ಕೇಳಿದ ಪ್ರಶ್ನೆಯನ್ನೇ ಕೇಳಿದೆ. "ತಿಂದಾಗ ಏನಾಯಿತೆಂದು ನೋಡಿ ಬಿಡಿಸಿದ್ದೀರಾ, ಯಾರೋ ಹೇಳಿದರೆಂದು ಬಿಡಿಸಿದ್ದೀರಾ?" ಅವರು ಬಹಳ ಹೊತ್ತು ಸುಮ್ಮನಿದ್ದು, "ನೆನಪಿಲ್ಲ ಆಪಾ, ಎಂದೋ ಬಿಡಿಸಿದ್ದು" ಎಂದರು. ಆ ಶನಿವಾರ ಇಬ್ಬರೂ ಸೇರಿ ಹುಡುಗಿಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆವು.

ಸಹೋದರಿ, ನಿಮ್ಮ ಮಗುವಿನ ತಟ್ಟೆಯಿಂದ ಏನನ್ನಾದರೂ ತೆಗೆಯುವ ಮುನ್ನ ಆ ಒಂದು ಪ್ರಶ್ನೆಯನ್ನು ನಿಮಗೇ ಕೇಳಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ತಟ್ಟೆಯನ್ನು ಹಾಗೆಯೇ ಬಿಟ್ಟು, ಮಗುವನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ.